ಪ್ರಸಾದಕಾಯವೂ ಕಾಯಕವೂ



ನಮ್ಮ ಮಠದ ಜಾತ್ರೆಯ ಮೂರನೆಯ ದಿನ ನಡೆದ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಆರಂಭಿಸುವೆನು. ಪಾಠಶಾಲೆಯ ಅಂಗಳದಲ್ಲಿ ಭಕ್ತರ ರಕ್ತಪರೀಕ್ಷೆಯ ಏರ್ಪಾಡಾಗಿದ್ದಿತು. ವಿದ್ಯಾರ್ಥಿಗಳು ಸೂಜಿಗೆ ಅಂಜಿ ಹಿಂದೆ ಸರಿಯುತ್ತಿದ್ದುದನ್ನು ಕಂಡು, ಅವರಿಗೆ ಧೈರ್ಯ ಬರಲೆಂದು ನಾನೇ ಮೊದಲು ಕೈಚಾಚಿದೆನು. ಬೆಳಗಿನ ಲಿಂಗಪೂಜೆ ಮುಗಿದಿದ್ದಿತು. ಬಾಯಿಗೆ ಇನ್ನೂ ಏನನ್ನೂ ಹಾಕಿರಲಿಲ್ಲ. ಬರಿಹೊಟ್ಟೆಯಲ್ಲಿ ರಕ್ತದೊಳಗಿನ ಸಕ್ಕರೆಯು ಒಂದು ಡೆಸಿಲೀಟರಿಗೆ 126 ಮಿಲಿಗ್ರಾಂ ಮುಟ್ಟಿದರೆ ಅಥವಾ ಮೀರಿದರೆ, ಇನ್ನೊಂದು ಪರೀಕ್ಷೆಯಲ್ಲಿಯೂ ಹಾಗೆಯೇ ಕಂಡುಬಂದರೆ, ಅದಕ್ಕೆ ಮಧುಮೇಹವೆಂದು ಹೆಸರು. ನನ್ನದು 148 ಇದ್ದಿತು. ಮರುವಾರದ ಪರೀಕ್ಷೆಯೂ ಅದನ್ನೇ ಹೇಳಿತು. ಮಕ್ಕಳಿಗೆ ಧೈರ್ಯ ಬಂದಿತು. ನನ್ನ ಧೈರ್ಯ ಹೋಯಿತು.

ವೈದ್ಯನು ಒಂದು ಕಾಲಕ್ಕೆ ನನ್ನ ಬಳಿಯೇ ಶಬ್ದಮಣಿದರ್ಪಣವನ್ನು ಓದಿದ ಹುಡುಗ. "ಏನಪ್ಪಾ, ಹುಟ್ಟಿದಂದಿನಿಂದ ಮಾಂಸ ಮುಟ್ಟಿದವನಲ್ಲ, ಮದ್ಯ ಕಂಡವನಲ್ಲ. ಲಿಂಗಕ್ಕೆ ಅರ್ಪಿಸದೆ ಒಂದು ತುತ್ತನ್ನೂ ಉಂಡವನಲ್ಲ. ನನಗೇಕೆ ಇದು ಬಂದಿತು?" ಎಂದು ಕೇಳಿದೆನು. ಅವನು ತಲೆತಗ್ಗಿಸಿ, "ಗುರುಗಳೇ, ತಾವು ಏನನ್ನು ಉಣ್ಣುವುದಿಲ್ಲವೆಂಬುದನ್ನು ಹೇಳಿದಿರಿ. ಏನನ್ನು ಎಷ್ಟು ಉಣ್ಣುತ್ತೀರಿ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ ಎಂಬುದನ್ನು ಹೇಳಲಿಲ್ಲ" ಎಂದನು. ಉತ್ತರ ಕೊಡಲು ನನಗೆ ನಾಲಗೆ ಏಳಲಿಲ್ಲ. ಮೂವತ್ತು ವರ್ಷಗಳಿಂದ ಕಾಯಕತತ್ತ್ವವನ್ನು ಕುರಿತು ಪಾಠ ಹೇಳುತ್ತಿರುವವನು ನಾನು. ಅಷ್ಟೂ ವರ್ಷ ಅದನ್ನು ಕುಳಿತುಕೊಂಡೇ ಹೇಳಿದವನು.

ಸಾತ್ತ್ವಿಕಾಹಾರಿಗಳೆಂಬ ಅಭಿಮಾನವು ನಮ್ಮ ಮನೆಗಳಲ್ಲಿ ಒಂದು ಕವಚದಂತೆ ಇದೆ. ಆ ಆಚಾರವು ಒಳ್ಳೆಯದು, ಅದನ್ನು ಬಿಡತಕ್ಕುದಲ್ಲ. ಆದರೆ ಬಿಳಿಯ ಅಕ್ಕಿ, ಸಕ್ಕರೆ, ಕರಿದ ತಿಂಡಿ, ತುಪ್ಪದಲ್ಲಿ ತೇಲುವ ಹೋಳಿಗೆ ಇವೆಲ್ಲವೂ ಶಾಕಾಹಾರವೇ ಆಗಿರುವುವೆಂಬುದನ್ನು ನಾವು ಮರೆತಿದ್ದೇವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿರುವರೆಂದೂ ಅಂದಾಜು ಮಾಡಿತು. ಈ ಲೆಕ್ಕದೊಳಗೆ ಶಾಕಾಹಾರಿಗಳು ಎಷ್ಟು ಜನ, ಮಾಂಸಾಹಾರಿಗಳು ಎಷ್ಟು ಜನ ಎಂದು ವಾದಿಸುವುದಕ್ಕಿಂತ ಮೊದಲು, ನಮ್ಮ ನಮ್ಮ ಎಲೆಯನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಎಲೆಯ ಮಾತು ಬಂದಿತು. ಅದನ್ನೇ ಸ್ವಲ್ಪ ವಿಸ್ತರಿಸುವೆನು. ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವಾಗುವುದು. ಪ್ರಸಾದವನ್ನು ಕೊಂಡ ಒಡಲು ಪ್ರಸಾದಕಾಯವಾಗುವುದು. ಆದುದರಿಂದಲೇ ಪ್ರಸಾದವನ್ನು ಎಲೆಯಲ್ಲಿ ಬಿಡಬಾರದು, ಚೆಲ್ಲಬಾರದೆಂಬ ನಿಯಮವು ನಮ್ಮ ಹಿರಿಯರಿಂದ ನಡೆದುಬಂದಿದೆ. ನಿಯಮವು ಎಷ್ಟು ಪವಿತ್ರವಾದುದೋ ನಾವು ಅದನ್ನು ಪಾಲಿಸುವ ರೀತಿ ಅಷ್ಟೇ ವಿಪರೀತವಾದುದು. ಬಡಿಸುವವನು ಬೇಡವೆಂದರೂ ಸುರಿಯುವನು. ಉಣ್ಣುವವನು ಬಿಡಬಾರದೆಂದು ನುಂಗುವನು. ಇಬ್ಬರೂ ಪುಣ್ಯ ಬಂದಿತೆಂದು ಭಾವಿಸುವರು. ಜಾತ್ರೆಯ ಗೋಧಿಹುಗ್ಗಿಯ ಪಂಕ್ತಿಯಲ್ಲಿ ಎರಡೂ ಕೈಗಳಿಂದ ಎಲೆಯನ್ನು ಮುಚ್ಚಿಕೊಂಡು ಕುಳಿತ ಮುದುಕರ ಬೆರಳುಗಳ ಮೇಲೆಯೇ ಹುಗ್ಗಿಯನ್ನು ಸುರಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಉಪಚಾರವೆಂದು ಹೆಸರು!

ವಿಚಾರಮಾಡಿ ನೋಡಿರಿ. ಅರ್ಪಿಸುವ ಮುನ್ನ ಪದಾರ್ಥದ ಪ್ರಮಾಣವನ್ನು ಗೊತ್ತುಮಾಡುವವರು ಯಾರು? ಲಿಂಗವು ಎರಡನೆಯ ಸೌಟನ್ನು ಬೇಡುವುದಿಲ್ಲ, ಬೇಡುವುದು ನಾಲಗೆ. ಎಲೆಯಲ್ಲಿ ಬಿಡಬಾರದೆಂಬ ನಿಯಮದ ಅಭಿಪ್ರಾಯವು ಬಂದುದನ್ನೆಲ್ಲ ಹೊಟ್ಟೆಗೆ ತುಂಬಬೇಕೆಂಬುದಲ್ಲ. ಬೇಕಾದಷ್ಟನ್ನೇ ಮೊದಲು ನೀಡಿಸಿಕೊಳ್ಳಬೇಕೆಂಬುದು. ಎಲೆಯಲ್ಲಿ ಉಳಿದು ತಿಪ್ಪೆಗೆ ಹೋದ ಅನ್ನವೂ ಹಾಳು, ಬೇಡದ ಹೊಟ್ಟೆಗೆ ಹೋದ ಅನ್ನವೂ ಹಾಳು. ಮೊದಲನೆಯದು ಅನ್ನವನ್ನು ಮಾತ್ರ ಕೆಡಿಸುವುದು; ಎರಡನೆಯದು ಪ್ರಸಾದಕಾಯವನ್ನೂ ಕೆಡಿಸುವುದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರು ನೆನಪಾಗುವರು. ಕಲ್ಯಾಣದಲ್ಲಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವರು. ಅದರಿಂದ ದಂಪತಿಗಳ ದಾಸೋಹ ನಡೆಯುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಈ ಕಥೆಯನ್ನು ನಾವು ಧನಸಂಗ್ರಹಕ್ಕೆ ಮಾತ್ರ ಅನ್ವಯಿಸಿ ಹೇಳುತ್ತಿರುವೆವು. ಧಾನ್ಯದ ಕಥೆಯನ್ನು ಉಣ್ಣುವ ಎಲೆಗೂ ಏಕೆ ಅನ್ವಯಿಸಬಾರದು? ನಾಳಿನ ಹಸಿವಿಗೆಂದು ಇಂದೇ ತುಂಬಿಡುವ ಕಣಜವೆಂದರೆ ನಮ್ಮ ಸೊಂಟದ ಸುತ್ತಲಿನ ಕೊಬ್ಬು. ಹಿಂದೆ ಹೊಟ್ಟೆ ಬಂದವನನ್ನು ಸುಖಿಯೆಂದು ಕರೆಯುತ್ತಿದ್ದರು. ನಮ್ಮ ದೇಶದವರಲ್ಲಿ ಸೊಂಟದ ಸುತ್ತಳತೆಯು ಗಂಡಸಿಗೆ 90, ಹೆಂಗಸಿಗೆ 80 ಸೆಂಟಿಮೀಟರನ್ನು ಮುಟ್ಟಿದರೆ ಸಕ್ಕರೆ, ರಕ್ತದೊತ್ತಡ, ಹೃದ್ರೋಗಗಳ ಭಯವು ಹೆಚ್ಚುವುದೆಂದು ಈಗ ವೈದ್ಯರು ಎಚ್ಚರಿಸುತ್ತಾರೆ. ದರ್ಜಿಯ ಟೇಪು ಪ್ರತಿ ಮನೆಯಲ್ಲಿಯೂ ಇರುವುದರಿಂದ ಈ ಪರೀಕ್ಷೆಗೆ ಖರ್ಚಿಲ್ಲ.

ಹಾಗಾದರೆ ಎಷ್ಟು ಉಣ್ಣಬೇಕು? ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಜಠರವನ್ನು ನಾಲ್ಕು ಭಾಗಮಾಡಿ, ಎರಡನ್ನು ಅನ್ನದಿಂದಲೂ ಒಂದನ್ನು ದ್ರವದಿಂದಲೂ ತುಂಬಿ, ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆಂದು ಬರಿದಾಗಿ ಬಿಡಬೇಕೆಂದು ವಿಧಿಸಿರುವರು. ಬರಿದಾದ ಆ ಕಾಲುಭಾಗವೇ ಇಂದು ನಮ್ಮಿಂದ ಕಳೆದುಹೋಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ 17 ಆಹಾರಸೂತ್ರಗಳನ್ನು ಪ್ರಕಟಿಸಿತು. ದೇಶದ ಒಟ್ಟು ರೋಗಭಾರದಲ್ಲಿ ನೂರಕ್ಕೆ 56.4ರಷ್ಟು ಆಹಾರದೋಷದಿಂದಲೇ ಬರುವುದೆಂಬ ಅಂದಾಜನ್ನೂ ಅದರಲ್ಲಿ ಹೇಳಿದೆ. ದಿನಕ್ಕೆ 2000 ಕಿಲೊಕ್ಯಾಲರಿಯ ಊಟಕ್ಕೆ ಆ ಸಂಸ್ಥೆಯವರು ಕೊಟ್ಟಿರುವ ತೂಕವನ್ನು ಗೃಹಸ್ಥರು ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಬೇಕು: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಶೇಂಗಾ ಎಳ್ಳು ಮೊದಲಾದ ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ ಎಲ್ಲವೂ ಸೇರಿ 27 ಗ್ರಾಂ. ಇದನ್ನು ಓದಿದ ದಿನ ನಾನು ನಮ್ಮ ಮನೆಯ ಅಡಿಗೆಯನ್ನು ತೂಗಿಸಿದೆನು. ಧಾನ್ಯವು ಹೇಳಿದುದರ ಎರಡರಷ್ಟಿದ್ದಿತು. ತರಕಾರಿಯು ಕಾಲುಭಾಗವೂ ಇರಲಿಲ್ಲ. ಪಲ್ಯವು ಅನ್ನಕ್ಕೆ ನೆಂಚಿಕೊಳ್ಳುವ ವಸ್ತುವಾಗಿರುವುದು. ಅದು ತಾನೇ ಊಟದ ಅರ್ಧಭಾಗವಾಗಬೇಕು.

ನಮ್ಮ ಕಡೆಯ ಹಳೆಯ ಊಟವು ಈ ಲೆಕ್ಕಕ್ಕೆ ಬಹಳ ದೂರವಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಿಕೆಕಾಳು, ಹಸಿಯ ಮೆಂತ್ಯದ ಸೊಪ್ಪು, ಗುರೆಳ್ಳಿನ ಚಟ್ನಿ, ಒಂದು ಬಟ್ಟಲು ಮಜ್ಜಿಗೆ. ತೆಂಕಣ ಸೀಮೆಯವರಿಗೆ ರಾಗಿಮುದ್ದೆ, ಸೊಪ್ಪಿನ ಸಾರು. 100 ಗ್ರಾಂ ರಾಗಿಯಲ್ಲಿ ಸುಣ್ಣದ ಸತ್ತ್ವವು ಸುಮಾರು 350 ಮಿಲಿಗ್ರಾಂ ಇರುವುದು. ಪಾಲಿಶ್ ಮಾಡಿದ ಅಕ್ಕಿಗೆ ಅದರ ಹತ್ತಿರಕ್ಕೂ ಬರಲಾಗದು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಇವುಗಳಿಗೆ ಪೇಟೆಯಲ್ಲಿ ಮರಳಿ ಮರ್ಯಾದೆ ಬಂದಿದೆ. ಆದರೆ ಸಿರಿಧಾನ್ಯವೆಂಬ ಹೆಸರಿನ ಬಿಸ್ಕತ್ತನ್ನು ಕೊಂಡು ತಿಂದರೆ ಅದರಲ್ಲಿ ಧಾನ್ಯಕ್ಕಿಂತ ಸಕ್ಕರೆಯ ಸಿರಿಯೇ ಹೆಚ್ಚಿದ್ದೀತು. ರಾಗಿ ಒಳ್ಳೆಯದೆಂದು ಒಂದು ಮುದ್ದೆಯ ಬದಲು ಮೂರು ಉಂಡರೂ ರಕ್ತದ ಸಕ್ಕರೆಯು ಏರಿಯೇ ಏರುವುದು. ಇದು ನನ್ನ ಅನುಭವವೇ.

ಉಪ್ಪು, ಸಕ್ಕರೆಗಳ ವಿಷಯ ಎಲ್ಲರೂ ಬಲ್ಲುದೇ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಆ ಚಮಚವನ್ನು ಊಟ ಆರಂಭವಾಗುವುದಕ್ಕೆ ಮೊದಲೇ ತುಂಬಿಬಿಡುವುವು. ಬೆರೆಸಿದ ಸಕ್ಕರೆಯು ದಿನದ ಶಕ್ತಿಯಲ್ಲಿ ನೂರಕ್ಕೆ ಹತ್ತರ ಒಳಗೆ, ಸಾಧ್ಯವಾದರೆ ಐದರ ಒಳಗೆ ಇರತಕ್ಕುದು. 2000 ಕಿಲೊಕ್ಯಾಲರಿಗೆ ಐದೆಂದರೆ 25 ಗ್ರಾಂ. ಎರಡೆರಡು ಚಮಚ ಹಾಕಿದ ನಾಲ್ಕು ಲೋಟ ಚಹಾದಲ್ಲಿಯೇ ಇದು ಮುಗಿದು ಮೇಲೆ ಸಾಲವಾಗುವುದು. ಬೆಲ್ಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲವೆಂದು ನಂಬಿರುವವರು ಅನೇಕರು, ಅನ್ವಯಿಸುವುದು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಬರಹವು ಗಂಡಸರಿಗಾಗಿ ಗಂಡಸು ಬರೆದುದಾಗುವುದು. ಮನೆಯ ಯಜಮಾನನು ಹೆಚ್ಚು ಉಂಡು ಕೆಡುತ್ತಿರುವಾಗ, ಅದೇ ಮನೆಯ ಗೃಹಿಣಿಯು ಕಡಿಮೆ ಉಂಡು ಕೆಡುತ್ತಿರುವಳು. ಎಲ್ಲರ ಊಟವಾದ ಮೇಲೆ, ತಣ್ಣಗಾದ ಅನ್ನ, ತಳ ಕಂಡ ಸಾರು, ಪಲ್ಯವು ಮುಗಿದಿದ್ದರೆ ಉಪ್ಪಿನಕಾಯಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಕಂಡುಬಂದಿತು. ಸ್ತ್ರೀಪುರುಷರೆಂಬ ಭೇದವಿಲ್ಲದೆ ಲಿಂಗವನ್ನು ಕಟ್ಟಿದ ಧರ್ಮದವರು ನಾವು. ಅಂಗದ ಮೇಲೆ ಸಮಾನವಾಗಿ ಲಿಂಗವಿದ್ದು, ಎಲೆಯ ಮೇಲೆ ಸಮಾನವಾಗಿ ಪಲ್ಯವಿಲ್ಲದಿರುವುದು ಯಾವ ಆಚಾರ? ಕಾಳು, ಸೊಪ್ಪು, ಅವುಗಳೊಡನೆ ಲಿಂಬೆ ನೆಲ್ಲಿಕಾಯಿಗಳಂತಹ ಹುಳಿಯಾದುದೊಂದು ಸೇರಿದರೆ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುವುದು; ಊಟದೊಡನೆ ಚಹಾ ಕುಡಿದರೆ ಹತ್ತದು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಪಂಕ್ತಿಯಲ್ಲಿ ಜೊತೆಗೆ ಕುಳ್ಳಿರಿಸಿಕೊಳ್ಳಲು ವೈದ್ಯರ ಚೀಟಿ ಬೇಕಾಗಿಲ್ಲ.

ಇನ್ನು ಕಾಯಕ. ನಮ್ಮ ಶರಣರ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿರಿ. ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ಮೋಳಿಗೆಯ ಮಾರಯ್ಯ. ಹುಲ್ಲು ಕೊಯ್ದು ಹಗ್ಗ ಹೊಸೆಯುವುದು, ಬಟ್ಟೆ ಒಗೆಯುವುದು, ಬಿದಿರು ಸೀಳುವುದು, ಹುಟ್ಟು ಹಾಕುವುದು, ಸೌದೆಯ ಹೊರೆ ಹೊರುವುದು. ಹೆಸರಿನ ಹಿಂದೆಯೇ ಮೈಯ ದುಡಿಮೆ ಅಂಟಿಕೊಂಡಿರುವುದು. ಕಾಯಕಕ್ಕೆ ಶರಣರು ಕೊಟ್ಟ ಅರ್ಥವು ಸತ್ಯಶುದ್ಧವಾದ ದುಡಿಮೆಯೆಂಬುದು ಸರಿಯೇ. ಕುಳಿತು ಮಾಡುವ ಲೆಕ್ಕಪತ್ರದ ಕೆಲಸವೂ ಬೋಧನೆಯೂ ಕಾಯಕವೇ. ಆದರೆ ಆ ಶಬ್ದದೊಳಗೆ 'ಕಾಯ'ವು ಕುಳಿತಿರುವುದನ್ನು ಮರೆಯಲಾಗದು. ಕಾಯವನ್ನು ದೇವರ ಗುಡಿಯೆಂದು ಬಗೆದವರು ಗುಡಿಯ ಕದವನ್ನು ದಿನವಿಡೀ ಮುಚ್ಚಿಟ್ಟರೆ ಒಳಗೆ ಜೇಡ ಬಲೆ ಕಟ್ಟುವುದು.

ಇದಕ್ಕೆ ದೂರದ ಊರಿನ ಸಾಕ್ಷಿಯೊಂದುಂಟು. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಚಾಲಕನು ಹಗಲೆಲ್ಲ ಕುಳಿತಿರುತ್ತಿದ್ದನು; ನಿರ್ವಾಹಕನು ಟಿಕೇಟು ಕೊಡುತ್ತ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಬಸ್ಸು ಒಂದೇ, ಊರು ಒಂದೇ, ಸಂಬಳವೂ ಬಹಳ ಬೇರೆಯಲ್ಲ. ಜೆರ‍್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿಯೂ ಆತನ ಸಂಗಡಿಗರೂ ಇವರ ಆರೋಗ್ಯವನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದರು. ನಿರ್ವಾಹಕರಿಗೆ ಹೃದ್ರೋಗವು ಚಾಲಕರಿಗಿಂತ ಕಡಿಮೆಯಾಗಿದ್ದಿತು. ಬಂದರೂ ಅಷ್ಟಾಗಿ ಪ್ರಾಣಾಂತಕವಾಗಿರಲಿಲ್ಲ. ಒಂದೇ ಬಂಡಿಯ ಇಬ್ಬರಲ್ಲಿ ನಡೆದವನು ಉಳಿದನು. ಅಂದಿನಿಂದ ಇಂದಿನವರೆಗೆ ನಡೆದ ಸಂಶೋಧನೆಗಳು ಈ ಮಾತನ್ನೇ ಮತ್ತೆ ಮತ್ತೆ ಗಟ್ಟಿಗೊಳಿಸಿವೆ. ನಮ್ಮಲ್ಲಿ ಮಾತ್ರ, 2022ರ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಕೊಟ್ಟ ಅಂದಾಜಿನಂತೆ, ವಯಸ್ಕರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರು ಬೇಕಾದಷ್ಟು ಮೈಯಾಡಿಸುವುದಿಲ್ಲ.

ಬೇಕಾದಷ್ಟು ಎಂದರೆ ಎಷ್ಟು? ಅದೇ ಸಂಸ್ಥೆಯ 2020ರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮವನ್ನಾದರೂ 75ರಿಂದ 150 ನಿಮಿಷ ತೀವ್ರ ಶ್ರಮವನ್ನಾದರೂ ಮಾಡಬೇಕು. ಇದಲ್ಲದೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ: ತೂಕವನ್ನು ಎತ್ತುವುದು, ಬಸ್ಕಿ, ನೀರು ಸೇದುವುದು. ಮಧ್ಯಮ ಶ್ರಮದ ಗುರುತೇನೆಂದರೆ, ನಡೆಯುತ್ತಿರುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಹೊಲದಲ್ಲಿ ದುಡಿಯುವ ಒಕ್ಕಲಿಗನ ಕೆಲಸವೂ, ಮನೆಗೆಲಸವೂ, ಪೇಟೆಗೆ ಕಾಲ್ನಡಿಗೆಯಲ್ಲಿ ಹೋಗಿಬರುವುದೂ ಈ ಲೆಕ್ಕಕ್ಕೆ ಸೇರುವುವು. ಹಿಂದೆ ಒಮ್ಮೆಗೆ 10 ನಿಮಿಷವಾದರೂ ಬಿಡದೆ ಮಾಡಬೇಕೆಂಬ ಕಟ್ಟಳೆಯಿದ್ದಿತು. 2020ರಲ್ಲಿ ಅದನ್ನು ಕೈಬಿಟ್ಟರು. ಐದು ನಿಮಿಷದ ನಡಿಗೆಯೂ ಜಮೆಗೆ ಬರುವುದು.

ನಮ್ಮ ಪ್ರಾಚೀನರ ಮಾತು ಇದಕ್ಕೆ ಎಷ್ಟು ಹತ್ತಿರವಾಗಿದೆಯೆಂದರೆ ಆಶ್ಚರ್ಯವಾಗುವುದು. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದು ವಾಗ್ಭಟರು ಹೇಳಿರುವರು. ಇದ್ದ ಬಲವನ್ನೆಲ್ಲ ಸುರಿಯಬಾರದು, ಸುಮ್ಮನೆಯೂ ಕೂರಬಾರದು. ಅದಕ್ಕಿಂತ ಸುಶ್ರುತಸಂಹಿತೆಯ ಪ್ರಮೇಹಚಿಕಿತ್ಸೆಯ ಭಾಗವನ್ನು ಓದಬೇಕು. ಹಣವೂ ಬಂಧುಗಳೂ ಇಲ್ಲದ ರೋಗಿಯು ಪಾದರಕ್ಷೆ ಕೊಡೆಗಳನ್ನು ಬಿಟ್ಟು, ಭಿಕ್ಷಾನ್ನವನ್ನು ಉಣ್ಣುತ್ತ, ಒಂದೊಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮಿಯಾಗಿ ನೂರು ಯೋಜನ ನಡೆಯಲಿ ಎಂದು ಅಲ್ಲಿ ವಿಧಿಯುಂಟು. ಧನಿಕನಾದರೆ ಶ್ಯಾಮಾಕವೇ ಮೊದಲಾದ ಕಿರುಧಾನ್ಯಗಳನ್ನು ಉಂಡು ಕಾಡಿನಲ್ಲಿರಲಿ. ಮತ್ತೆ ಕೆಲವರು ಬಾವಿಯನ್ನು ತೋಡಲಿ. ಇದನ್ನು ಮೂವತ್ತು ಸಲ ಓದಿದ್ದರೂ ನನಗೆ ಹೊಳೆಯದಿದ್ದುದು ಈ ಸಲ ಹೊಳೆಯಿತು. ಒಂದೂರಿನಲ್ಲಿ ನಿಲ್ಲದ ನಡೆ, ಕೋರಾನ್ನದ ಭಿಕ್ಷೆ: ಇದು ನಮ್ಮ ಚರಜಂಗಮರ ದಿನಚರಿಯಲ್ಲವೆ? ಹಳೆಯ ಜಂಗಮರು ಊರಿಂದೂರಿಗೆ ಧರ್ಮವನ್ನು ಹೊತ್ತು ನಡೆದರು, ಮೊಳಕಾಲಿನಲ್ಲಿ ಬಲವಿದ್ದಿತು. ಇಂದು ಮಠದ ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಅರ್ಧ ಮೈಲಿಯೂ ಇಲ್ಲ, ನಾವು ಯಾರಾದರೂ ಹುಡುಗನ ಬೈಕಿನ ಹಿಂದೆ ಏರುತ್ತೇವೆ. ಈ ಮಾತನ್ನು ಮೊದಲು ನನಗೇ ಹೇಳಿಕೊಂಡಿದ್ದೇನೆ.

ಉತ್ಸಾಹಿಗಳಿಗೆ ಒಂದೆರಡು ಎಚ್ಚರಿಕೆ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಉಪವಾಸದಲ್ಲಿ ದೂರ ನಡೆಯಬಾರದು. ಸಕ್ಕರೆಯು ಒಮ್ಮೆಲೆ ಇಳಿದು ತಲೆತಿರುಗಿ ಬಿದ್ದಾರು. ಎದೆನೋವು, ಏದುಸಿರು ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ನಡಿಗೆ ಹಿಡಿದೆನೆಂದು ಔಷಧವನ್ನು ತಾನಾಗಿ ಬಿಡತಕ್ಕುದಲ್ಲ. ಸೋಮವಾರದ ಉಪವಾಸವೆಂದು ಹಗಲೆಲ್ಲ ಹಸಿದು, ಸಂಜೆ ಕರಿದ ಸಾಬುದಾನಿ ವಡೆಯಿಂದ ಅದನ್ನು ಮುಗಿಸುವುದು ಮಿತಾಹಾರವೂ ಅಲ್ಲ, ವ್ರತವೂ ಅಲ್ಲ. ಮಿತವೆಂದರೆ ಏನೆಂದು ಕಾಣಬೇಕಾದವರಿಗೆ ನಮ್ಮ ಕಾಲದಲ್ಲಿಯೇ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳಿದ್ದರು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ದಿನವೂ ಉಣಿಸಿದರು. ತಾವು ಉಂಡುದು ಮಾತ್ರ ಅತ್ಯಲ್ಪ. ಅವರಂತೆ 111 ವರ್ಷ ಬಾಳುವುದು ಎಲ್ಲರ ಪಾಲಿಗೆ ಬರುವುದಲ್ಲ. ಬಡಿಸುವಾಗ ಧಾರಾಳ, ಉಣ್ಣುವಾಗ ಹಿಡಿತ ಎಂಬ ಕ್ರಮವು ನಮಗೂ ಸಾಧ್ಯವಾದುದೇ.

ಜಾತ್ರೆ ಕಳೆದು ಈಗ ಎಂಟು ತಿಂಗಳು. ಬೆಳಿಗ್ಗೆ ಪೂಜೆಗೆ ಮುನ್ನ ಕೆರೆಯ ಏರಿಯ ಮೇಲೆ 40 ನಿಮಿಷ ನಡೆಯುತ್ತೇನೆ. ಎರಡನೆಯ ತರಗತಿಯ ಪಾಠವನ್ನು ನಿಂತುಕೊಂಡು ಹೇಳುತ್ತೇನೆ; ಮಕ್ಕಳು ಇನ್ನೂ ನಗುತ್ತಾರೆ. ಕಳೆದ ಪರೀಕ್ಷೆಯಲ್ಲಿ ಸಕ್ಕರೆಯು 118ಕ್ಕೆ ಇಳಿದಿದ್ದಿತು. ಮಾತ್ರೆಯೂ ನಡೆದಿದೆ, ಆದುದರಿಂದ ಇದರ ಯಶಸ್ಸನ್ನೆಲ್ಲ ನನ್ನ ಕಾಲುಗಳಿಗೆ ಕೊಡಲಾರೆ. ಮಠದ ದಾಸೋಹದಲ್ಲಿ ಈಗ ಬಡಿಸುವವರು ಎಲೆಯ ಮುಂದೆ ನಿಂತು, ಕೇಳಿ, ಆಮೇಲೆ ಸೌಟು ಬಗ್ಗಿಸುತ್ತಾರೆ. ಶ್ರೀಗಳವರ ಅಪ್ಪಣೆಯಾಗಿರುವುದರಿಂದ ಯಾರೂ ಎದುರಾಡಿಲ್ಲ. ಹುಗ್ಗಿಯ ದಿನ ಮಾತ್ರ ಕೆಲವು ಹಿರಿಯರು ಗೊಣಗಿದರು.

ಮನೆಯಲ್ಲಿ ರಾತ್ರಿ ಎಲ್ಲರ ತಾಟುಗಳನ್ನೂ ಒಂದೇ ಸಲ ಹಾಕುತ್ತೇವೆ. ಮೊದಲ ದಿನ ಮನೆಯವರು ಉಣ್ಣುತ್ತಿದ್ದಂತೆಯೇ ಮೂರು ಸಲ ಎದ್ದು ಒಳಗೆ ಹೋದರು; ಮೂವತ್ತು ವರ್ಷದ ರೂಢಿ. ಈಗ ಮಜ್ಜಿಗೆ ಬೇಕಾದರೆ ಏಳುವ ಸರದಿ ನನ್ನದು.